ಗಾಳಿ ಮೊದಲೋ, ಬಿಸಲ ಮೊದಲೋ

ಹಿಂತಾವೆಲ್ಲಾ ನನಗ ಗಂಟುಬಿದ್ದಾವ. ಹೋದಲ್ಲೆಲ್ಲಾ ಒಂದಿಲ್ಲೊಂದು ಆಗೋದ. ಬೈಲಹೊಂಗಲದಾಗ ಕಾಲೇಜ್ ಮಾಸ್ತರ ನಾನು. ಕರೆಂಟ್ ಮಾಡಾಕ ಗಾಳಿ, ಬಿಸಲು, ಸಗಣಿ ಗ್ಯಾಸ್ ಇದರಾಗ ಯಾವುದು ಮೊದಲು ಅಂತ ಹಳ್ಳಿ ಮಂದೀನ ಕೇಳಿ, ಎರಡು ಪದ್ಧತಿಲೆ ಲೆಕ್ಕಾ ಹಾಕಿ, ಆ ಎರಡರೊಳಗ ಯಾವ ಪದ್ಧತಿ ಛಲೋ ಅಂತ ಹೇಳೂದು ನನ್ನ ಪಿಎಚ್‌ಡಿ. ಈ ತಿಂಗಳ ಪ್ರಬಂಧ ಕೊಡಲಿಲ್ಲಂದ್ರ ನೋಂದಣಿ ರದ್ದು. ಅವಸರ ನನಗೊಬ್ಬಗ.

ಒಂದ ಪಂಕ್ತಿ

ಸವದತ್ತಿ ಕಡೆ ಹಳ್ಳ್ಯಾಗ ಒಬ್ಬ ಯಜಮಾನ್ರನ್ನ ಕೇಳಿದೆ, “ಗಾಳಿಗೆ ಎಷ್ಟು ಮಾರ್ಕ್ಸ್ ಕೊಡ್ತೀರಿ, ಬಿಸಲಿಗೆಷ್ಟು?”

“ಎಲ್ಲಾಕ್ಕೂ ಹತ್ತಕ್ಕ ಹತ್ತು ಹಾಕ್ರಿ.”

“ಹಂಗ ಮಾಡಿದ್ರ ಮೊದಲನೇದು ಯಾವುದಂತ ಗೊತ್ತಾಗೂದಿಲ್ರಿ.”

“ಒಂದ ಪಂಕ್ತ್ಯಾಗ ಕುಂತವ್ರಿಗೆ ಒಬ್ಬರಿಗೆ ಹೋಳಿಗಿ, ಒಬ್ಬರಿಗೆ ಬರೇ ಅನ್ನ ನೀಡ್ತೀರೇನ್ರಿ?”

ಸೋತು ಹೋದೆ ನಾನು. “ಆತ್ರಿ, ಸಗಣಿಗೂ ಹತ್ತ ಹಾಕ್ಲೇನ್ರಿ?”

“ಅದಕ್ಕ ಹನ್ನೊಂದು ಹಾಕ್ರಿ. ಎಮ್ಮಿ ನಮ್ಮವು.”

ಮೂವರು ಸೊಸ್ತ್ಯಾರು

ರಾಮದುರ್ಗದಾಗ ಒಬ್ಬ ಹಿರೇ ಹೆಣ್ಮಗಳು ಹೇಳಿದ್ರು: ಗಾಳಿಗಿಂತ ಬಿಸಲ ಛಲೋ, ಬಿಸಲಿಗಿಂತ ಸಗಣಿ ಗ್ಯಾಸ್ ಛಲೋ, ಸಗಣಿ ಗ್ಯಾಸಿಗಿಂತ ಗಾಳಿ ಛಲೋ.

“ಅವ್ವಾರ, ಹಿಂಗ ತಿರುಗಿದ್ರ ಯಾವುದೂ ಮೊದಲ ಬರೂದಿಲ್ರಿ. ಸ್ವಲ್ಪ ವಿಚಾರ ಮಾಡಿ ಹೇಳ್ರಿ.”

ಅವ್ವಾರು ಅಡಗಿಮನಿ ಬಾಗಲಾ ನೋಡಿ ದನಿ ಸಣ್ಣ ಮಾಡಿದ್ರು. “ಗಾಳಿ ಬೇಕನ್ನಾಕಿ ಹಿರೇ ಸೊಸಿ, ಬಿಸಲ ಅನ್ನಾಕಿ ನಡುವಿನಾಕಿ, ಗ್ಯಾಸ್ ಅನ್ನಾಕಿ ಸಣ್ಣಾಕಿ. ಮೂವರೂ ಬಾಗಲಕ್ಕ ಕಿವಿ ಹಚ್ಚಿ ನಿಂತಾರ. ನೀವು ಉತ್ತರ ಬರಕೊಂಡು ಬೈಲಹೊಂಗಲಕ್ಕ ಹೋಗ್ತೀರಿ, ರಾತ್ರಿ ಅವರು ಬಡದ ರೊಟ್ಟಿ ತಿನ್ನಾಕಿ ನಾನು.”

ಗೈಡ್ ಸರ್ ನಿರ್ಣಯ

ಅಂತೂ ಲೆಕ್ಕಾ ಮುಗೀತು. ಒಂದು ಪದ್ಧತಿ ಗಾಳಿ ಅಂತು, ಇನ್ನೊಂದು ಬಿಸಲ ಅಂತು. ಯಾವ ಪದ್ಧತಿ ಖರೆ ಅಂತ ಬರೀಲಿಲ್ಲಂದ್ರ ಗೈಡ್ ಸರ್ ಸಹಿ ಹಾಕವಲ್ರು. ನಿರ್ಣಯಶಾಸ್ತ್ರದಾಗ ಭಾರಿ ಹೆಸರು ಅವರದು. ಒಂದಿನ ನನ್ನನ್ನ ತಮ್ಮ ಕಾರಿನ್ಯಾಗ ಕುಂಡ್ರಿಸಿಕೊಂಡು ಕಿತ್ತೂರ ಹತ್ರ ತಮ್ಮೂರ ದೇವಿ ಗುಡಿಗೆ ಕರಕೊಂಡು ಹೋದ್ರು.

ಪೂಜಾರಿಗೆ ಹೇಳಿದ್ರು, “ದೇವಿ ಎರಡೂ ಮಗ್ಗಲ ಹೂವ ಹಚ್ಚಿ ಪ್ರಸಾದ ಕೇಳ್ರಿ. ಹೂವ ಬಲಕ್ಕ ಬಿದ್ರ ಬಿಸಲ ಅಂದ ಪದ್ಧತಿ ಖರೆ, ಎಡಕ್ಕ ಬಿದ್ರ ಗಾಳಿ ಅಂದದ್ದು.”

ನಗಾಕೂ ತ್ರಾಣ ಇರಲಿಲ್ಲ ನನಗ. ಕೈ ಮುಗದು, “ಯವ್ವಾ, ಯಾವ ಕಡೆನಾದ್ರೂ ಕೊಡು, ಸಾಕಾಗೇತಿ” ಅಂದೆ. ಬಲಗಡೆ ಹೂವ ಟಪ್ಪನ ಬಿತ್ತು. ಕಣ್ಣಾಗ ನೀರ ಬಂತು. ಪೆನ್ನ ತಗದು ಸರ್ ಮುಂದ ಹಿಡದೆ.

“ತಡೀರಿ,” ಅಂದ್ರು ಸರ್. “ಒಂದ ಗುಡಿ ಮಾತ ಹೆಂಗ ನಂಬೂದು? ಸಿರಸಂಗಿ ಕಾಳವ್ವನ್ನೂ ಒಮ್ಮೆ ಕೇಳೂಣು.”

ಪೂಜಾರಿಗೇ ತಡಕೊಳ್ಳಾಕ ಆಗಲಿಲ್ಲ. “ಸಾಹೇಬ್ರ, ಅಲ್ಲಿ ಎಡಕ್ಕ ಬಿದ್ರ?”

ಸರ್ ಮುಖ ಅರಳಿತು. “ಹಂಗಾದ್ರಂತೂ ಇವರ ಪ್ರಬಂಧಕ್ಕ ಇನ್ನೊಂದು ಅಧ್ಯಾಯ ಆತಲ್ರಿ!”