ಮುಳುಗಿದ ಮನೆಯಲ್ಲಿ ಈಜಿನ ಪಾಠ

ನನ್ನ ಸೋದರಮಾವ ಕೋರ್ಟು ಹತ್ತಿದ್ದು ಈಜು ಕಲಿಸಿದ ತಪ್ಪಿಗೆ ಅಂದರೆ ನಂಬುತ್ತೀರಾ? ಕಳ್ಳತನವಲ್ಲ, ಹೊಡೆದಾಟವಲ್ಲ, ಈಜು!

ಜಮಖಂಡಿಯಲ್ಲಿ ಆಗ ಈಜು ಕಲಿಸುವ ಕಂಪನಿಯೊಂದು ನೀಲಿ ಟೈಲ್ಸಿನ ಕೊಳ ಕಟ್ಟಿಸಿತ್ತು. ಕೃಷ್ಣೆಯಲ್ಲಿ ಈಜಿ ಬೆಳೆದ ಮಾವ ಅಲ್ಲಿ ಮಾಸ್ತರನಾದ. ಸೀಟಿ, ಟೋಪಿ, ಚಡ್ಡಿ ಎಲ್ಲ ಕಂಪನಿಯವು. ಪಾಠ ಮಾತ್ರ ಅವನದು. ಮೊದಲ ದಿನ ಕೈಕಾಲು ಬಡಿಯುವ ಹಾಗಿಲ್ಲ, ಕಿವಿ ನೀರಲ್ಲಿಟ್ಟು ಸುಮ್ಮನಿರಬೇಕು. ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು, ನೀರೊಳಗೆ ಯಾರೋ ಜೋಳ ಬೀಸುವ ಸಪ್ಪಳ ಕೇಳಿತೆಂದು ಎದ್ದು ಹೋದವರು ಮತ್ತೆ ಬರಲಿಲ್ಲ. ಅದು ಪಂಪಿನ ಸದ್ದು ಎಂದಿತು ಕಂಪನಿ. ಪಂಪು ಅವತ್ತು ಕೆಟ್ಟು ನಿಂತಿತ್ತು ಎಂದ ಮಾವ. ಬಾಯಿ ಮುಚ್ಚಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು?

ಜಗಳ ಬೆಳೆದು, ಮಾವನೂ ಇನ್ನಿಬ್ಬರು ಮಾಸ್ತರರೂ ಕೆಲಸ ಬಿಟ್ಟರು. ಬಿಟ್ಟ ಮೇಲೆ ಎರಡು ವರ್ಷ ಈ ಸೀಮೆಯಲ್ಲಿ ಯಾರಿಗೂ ಈಜು ಕಲಿಸುವಂತಿಲ್ಲವೆಂದು ಕರಾರಿತ್ತು. ಆ ಇಬ್ಬರು ರಾಜಿಯಾದರು. ಮಾವ ಅನಗವಾಡಿ ಕಡೆಯ ಹಿನ್ನೀರಿಗೆ ಹೋಗಿ ಕಲಿಸತೊಡಗಿದ. ಕಂಪನಿ ದಾವೆ ಹಾಕಿತು.

ಎಲ್ಲಿ ಕಲಿಸುತ್ತೀ ಎಂದು ಕೋರ್ಟಿನಲ್ಲಿ ಕೇಳಿದರು.

"ನಮ್ಮ ಮನ್ಯಾಗ್ರಿ," ಅಂದ.

ಸುಳ್ಳಲ್ಲ. ಡ್ಯಾಮಿನ ನೀರು ಬಂದು ನಮ್ಮೂರು ಮುಳುಗಿತ್ತಲ್ಲ, ಅವನು ಕಲಿಸುತ್ತಿದ್ದದ್ದು ನಮ್ಮ ಮನೆಯ ನೆತ್ತಿಯ ಮೇಲೆ!

ಸ್ಥಳ ನೋಡಿ ಬರಲು ಕೋರ್ಟು ಒಬ್ಬ ಕಮಿಷನರನ್ನು ಕಳಿಸಿತು. ಕಂಪನಿಯ ವಕೀಲರೂ ದೋಣಿ ಹತ್ತಿದರು, ಅವರ ಹಿಂದೆ ನಾನೂ. ಬೆಳಗಿನ ನೀರು ಅಲುಗದೆ ಬಿದ್ದಿತ್ತು. ನಡುವೆ ಒಂದು ಕಡೆ ಮಾವ ದೋಣಿ ನಿಲ್ಲಿಸಿ, ಇಲ್ಲಿ ಹೊಸ್ತಿಲೈತಿ, ಚಪ್ಪಲಿ ತೆಗೀರಿ ಎಂದ. ವಕೀಲರು ನಕ್ಕರು, ನಗುತ್ತಲೇ ಬೂಟು ಬಿಚ್ಚಿದರು. ಮಾವ ಮುಳುಗಿದ. ಬಹಳ ಹೊತ್ತು ಏಳಲಿಲ್ಲ. ಆಗ ದೋಣಿಯ ತಳವನ್ನು ಯಾರೋ ಮೂರು ಸಲ ಬಡಿದರು. ವಕೀಲರು ಫೈಲನ್ನು ಎದೆಗವಚಿಕೊಂಡರು. ಮಾವ ಎದ್ದಿದ್ದು ಇಪ್ಪತ್ತು ಮಾರು ಆಚೆ.

ಯಾರೂ ಕೇಳುವ ಮೊದಲೇ, "ನಾ ಬಡದಿಲ್ರಿ," ಅಂದ.

ದೋಣಿ ತಿರುಗಿ ಬಂದಾಗ ದಂಡೆಯಲ್ಲಿ ಅವನ ಶಿಷ್ಯರು ಕೂತಿದ್ದರು: ಕಚ್ಚೆ ಹಾಕಿದ, ಐವತ್ತು ದಾಟಿದ ನಾಲ್ವರು ಹೆಂಗಸರು, ಎಲ್ಲ ನಮ್ಮೂರವರೇ. ಅವರಲ್ಲಿ ನಮ್ಮವ್ವನೂ ಇದ್ದಳು! ನನಗೇ ಗೊತ್ತಿರಲಿಲ್ಲ. ಈ ವಯಸ್ಸಲ್ಲಿ ಈಜು ಕಲಿತು ಏನು ಮಾಡುತ್ತೀರೆಂದು ಕಂಪನಿ ವಕೀಲರು ಕೇಳಿದರು.

"ಈಜೂದಲ್ರಿ, ಉಸರ ಹಿಡಿಯೂದು ಕಲ್ಯಾಕತ್ತೇನಿ," ಅಂದಳು ಅವ್ವ. "ನನ್ನ ಮೊದಲನೇ ಕೂಸು ಹಿತ್ತಲದಾಗ ಅದ. ಊರ ಬಿಡೂ ಮುಂದ ಅದನ್ನಷ್ಟ ಬಿಟ್ಟ ಬಂದ್ವಿ."

ನನಗಿಂತ ಮೊದಲು ಒಂದು ಮಗು ಹುಟ್ಟಿ ತೀರಿಕೊಂಡು, ಆ ಹಿತ್ತಲಲ್ಲೇ ಮಣ್ಣಾಗಿತ್ತೆಂಬುದು ನಾನು ಕೇಳಿದ್ದು ಅವತ್ತೇ. ಕಮಿಷನರು ಬರೆಯುವುದನ್ನು ನಿಲ್ಲಿಸಿದರು. ಮುಂದಿನ ತಾರೀಖಿಗೆ ಕಂಪನಿ ದಾವೆ ಹಿಂದಕ್ಕೆ ತೆಗೆದುಕೊಂಡಿತು.

ಬೇಸಿಗೆಯಲ್ಲಿ ನೀರು ಇಳಿದಾಗ ಮಾವ ಅವ್ವನ ಕೈ ಹಿಡಿದು ಮುಳುಗಿದ. ನಾನು ದೋಣಿಯ ಅಂಚು ಹಿಡಿದು ಕೂತಿದ್ದೆ. ಇಬ್ಬರೂ ಎದ್ದರು.

"ಏನರ ಕಂಡತೇನ್ ಅಕ್ಕಾ?" ಮಾವ ಮೆಲ್ಲಗೆ ಕೇಳಿದ.

"ಏನೂ ಕಾಣಲಿಲ್ಲೋ," ಅಂದಳು ಅವ್ವ, ಕೆಸರು ಹತ್ತಿದ ಅಂಗೈಯನ್ನು ತೊಳೆಯದೆ ಎದೆಗೊತ್ತಿಕೊಂಡು. "ಮಣ್ಣ ಮೆತ್ತಗದ. ಚುಚ್ಚೂದಿಲ್ಲ ಅದಕ್ಕ."