ಎಲೆಅಡಿಕೆ ಡಬ್ಬಿಯಲ್ಲಿ ಏಳು ಸಮುದ್ರ

ನಮ್ಮ ಸೋದರಮಾವ ಏಳು ಸಮುದ್ರ, ಒಬ್ಬ ರಾಜಕುಮಾರ, ಒಬ್ಬ ರಾಕ್ಷಸ, ಸಾಲದ್ದಕ್ಕೆ ಒಬ್ಬ ಅಡುಗೂಲಜ್ಜಿ, ಇಷ್ಟನ್ನೂ ಒಂದೇ ಎಲೆಅಡಿಕೆ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕಿದ್ದರು ಎಂದರೆ ನೀವು ನಂಬಲಾರಿರಿ. ಬೇಡ ಬಿಡಿ, ಆ ಡಬ್ಬಿಯನ್ನು ದಿನಾ ಒರೆಸಿಡುತ್ತಿದ್ದ ನಮ್ಮತ್ತೆಯೂ ನಂಬಿರಲಿಲ್ಲ!

ಮಾವ ಕಕ್ಕಬೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಅವರ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದೆ. ಅವರ ತಾಯಿ, ಅಂದರೆ ನನ್ನ ಅಜ್ಜಿ, ಕುಶಾಲನಗರದ ಕಡೆಯಿಂದ ಬಂದು ಅಲ್ಲೇ ಇದ್ದರು. ದಿನಕ್ಕೊಂದು ಕಥೆ ಹೇಳುತ್ತಿದ್ದ ಅಜ್ಜಿಗೆ ಆ ವರ್ಷ ಎರಡೂ ಕಣ್ಣು ಹೋದವು. ಅದರೊಂದಿಗೆ ಮಾತೂ ನಿಂತಿತು. ಮಂಚದ ಮೇಲೆ ಕೂತು ಎಲೆಅಡಿಕೆ ಜಗಿಯುವುದು, ಕೇಳಿದರೆ ಹೂಂ, ಊಹೂಂ, ಅಷ್ಟೇ. ಕಥೆ ಎಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಅತ್ತೆ ಭಾಗಮಂಡಲಕ್ಕೆ ಹರಕೆ ಹೊತ್ತರು. ಮಾವ ಅವ್ವನ ಬಾಯಿ ಬಿಡಿಸುವುದಕ್ಕೆಂದು ಆಟವೊಂದನ್ನು ಕಟ್ಟಲು ಕೂತರು. ಯಾವ ಡಾಕ್ಟರೂ ಬರೆದುಕೊಡದ ಔಷಧ ನೋಡಿ!

ಆಟ ಅಜ್ಜಿಯ ಮಡಿಲಲ್ಲೇ ಹಿಡಿಯಬೇಕು, ಅವರ ಹಿತ್ತಾಳೆ ಡಬ್ಬಿಯೊಳಗೇ ಇರಬೇಕು. ಆಗಿನ್ನೂ ಕೊಡಗು ಮೈಸೂರಿಗೆ ಸೇರಿರಲಿಲ್ಲ, ತಾನೇ ಒಂದು ರಾಜ್ಯವಾಗಿತ್ತು. ರಾಜ್ಯವೇ ಇಷ್ಟು ಚಿಕ್ಕದಿರುವಾಗ ಆಟ ದೊಡ್ಡದೇಕೆ ಎಂಬುದು ಮಾವನ ವಾದ. ಕರವಸ್ತ್ರದ ಮೇಲೆ ದಪ್ಪ ದಾರದಲ್ಲಿ ಏಳು ಸಾಲು ಹೊಲಿಗೆ ಹಾಕಿದರು. ಸವರಿದರೆ ಅವೇ ಏಳು ಸಮುದ್ರ. ತಲೆಯ ಮೇಲೆ ಕಿರೀಟವಿರುವ ಲವಂಗ ರಾಜಕುಮಾರ. ಜಾಯಿಕಾಯಿ ರಾಕ್ಷಸ. ಸುಕ್ಕುಗಟ್ಟಿದ ಒಣಶುಂಠಿ ಅಡುಗೂಲಜ್ಜಿ. ಕವಡೆ ಹಾಕಿ ರಾಜಕುಮಾರನನ್ನು ನಡೆಸಬೇಕು. ಒಂದೊಂದು ಸಮುದ್ರ ದಾಟುವ ಮೊದಲು ಕಥೆಯಲ್ಲಿ ಅಲ್ಲಿ ಏನಾಯಿತೆಂದು ಹೇಳಬೇಕು.

ಇಂಥ ಪಾತ್ರವರ್ಗವನ್ನು ಅಡುಗೆಮನೆಯ ಹತ್ತಿರ ಬಿಟ್ಟರೆ ಏನಾದೀತು? ಮೂವರು ರಾಜಕುಮಾರರು ಬಿರಿಯಾನಿಯಲ್ಲಿ ವೀರಮರಣವನ್ನಪ್ಪಿದರು. ಮಾವನಿಗೆ ನೆಗಡಿಯಾದಾಗ ಅತ್ತೆ ಕೊಟ್ಟ ಕಷಾಯವನ್ನು ಅವರು ಚಪ್ಪರಿಸಿ ಕುಡಿದರು. ಸಂಜೆ ಡಬ್ಬಿ ತೆಗೆದು ನೋಡಿದರೆ ಅಡುಗೂಲಜ್ಜಿ ಇಲ್ಲ!

ರಾಕ್ಷಸನ ಪ್ರಾಣದ್ದು ಇನ್ನೊಂದು ಪಾಡು. ಅದಕ್ಕೆ ಪೀಬೆರಿಯೇ ಆಗಬೇಕಂತೆ. ಕಾಫಿ ಕಾಯಿಯೊಳಗೆ ಎರಡು ಚಪ್ಪಟೆ ಬೇಳೆ ಇರುವುದು ವಾಡಿಕೆ. ಅಪರೂಪಕ್ಕೊಂದರಲ್ಲಿ ಮಾತ್ರ ಒಂಟಿ ಗುಂಡು ಬೇಳೆ, ಅದೇ ಪೀಬೆರಿ. ಸಿಕ್ಕ ಪೀಬೆರಿಗಳಲ್ಲಿ ಯಾವುದೂ ಮಾವನಿಗೆ ಸಾಕಷ್ಟು ಗುಂಡಗಿರಲಿಲ್ಲ. ಕಾಫಿ ಪಿಕ್ಕಿಂಗ್ ಭರದಿಂದ ನಡೆದಿರುವಾಗ ರೈಟರು ಕಣದಲ್ಲಿ ಕುಕ್ಕರುಗಾಲಲ್ಲಿ ಕೂತು ಒಣಕಾಯಿ ಒಡೆಯುತ್ತಿದ್ದುದನ್ನು ಮ್ಯಾನೇಜರು ಕಂಡರು.

"ಎಂಥ ಹುಡುಕ್ತಾ ಇದ್ದೀರಿ ರೈಟರೇ?"

"ರಾಕ್ಷಸನ ಪ್ರಾಣ, ಸರ್."

ಮ್ಯಾನೇಜರು ಒಳ್ಳೆಯವರು. ಎರಡು ದಿನ ರಜೆ ಕೊಟ್ಟು ಕಳಿಸಿದರು.

ಅಂತೂ ಆಟ ಶುರುವಾಯಿತು. ಅಜ್ಜಿಯ ಮಡಿಲಲ್ಲಿ ಕರವಸ್ತ್ರ ಹಾಸಿ, ಅವರ ಕೈಗೆ ಕವಡೆ ಕೊಟ್ಟು, ಕಥೆ ಹೇಳುವ ಭಾರ ಮಾವನೇ ಹೊತ್ತರು. ಆದರೆ ನಮ್ಮ ಮಾವನಷ್ಟು ಕೆಟ್ಟದಾಗಿ ಕಥೆ ಹೇಳುವವರನ್ನು ನಾನು ಈವರೆಗೆ ಕಂಡಿಲ್ಲ! ಮೊದಲ ಸಂಜೆ ರಾಜಕುಮಾರನಿಗೆ ಅಡುಗೂಲಜ್ಜಿಯನ್ನೇ ಮದುವೆ ಮಾಡಿಸಿದರು. ಅಜ್ಜಿ ಜಗಿಯುವುದನ್ನು ನಿಲ್ಲಿಸಿದರು. ಮರುದಿನ ಐದೇ ಸಮುದ್ರಕ್ಕೆ ಕಥೆ ಮುಗಿಸಿದರು. ಅಜ್ಜಿ ಜೋರಾಗಿ ಕೆಮ್ಮಿದರು. ನನಗೋ ನಾಚಿಕೆ. ಮೂರನೆಯ ಸಂಜೆ ರಾಕ್ಷಸನ ಪ್ರಾಣ ಕುದುರೆಯ ಹೊಟ್ಟೆಯಲ್ಲಿತ್ತು ಎಂದರು.

ಅಜ್ಜಿಯ ಕೈ ಪೀಬೆರಿಯನ್ನು ತಡವಿ ಹಿಡಿಯಿತು.

"ಕುದ್ರೇಲಲ್ಲ ಕಣ್ಲಾ, ಗಿಳೀಲಿ! ಏಳು ಸಮುದ್ರದಾಚೆ ಆಲದಮರ, ಮರದ ಪೊಟರೇಲಿ ಪಂಜರ, ಪಂಜರದಾಗೆ ಗಿಳಿ. ಅಷ್ಟೂ ನೆಪ್ಪಿಲ್ವಾ ನಿಂಗೆ? ಸರಿ, ನಾನೇ ಹೇಳ್ತೀನಿ, ಕೇಳು."

ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಆ ಸಂಜೆ ಶುರುವಾದ ಅಜ್ಜಿ ಮತ್ತೆ ನಿಲ್ಲಲಿಲ್ಲ. ಮಾವನಿಗೆ ಮಾತ್ರ ಕಥೆ ಕೆಡಿಸುವವನೆಂಬ ಹೆಸರು ಶಾಶ್ವತವಾಗಿ ಉಳಿಯಿತು. ಮದುವೆಮನೆಗಳಲ್ಲಿ ನಾವೆಲ್ಲ ಅದನ್ನು ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು.

ಕಳೆದ ವರ್ಷ ಅತ್ತೆ ತೀರಿಕೊಂಡರು. ಮಾವ ಮಾತು ಬಿಟ್ಟಿದ್ದಾರೆ ಎಂದು ಸುದ್ದಿ ಬಂತು. ನಾನು ಹೋಗಿ ಪಕ್ಕದಲ್ಲಿ ಕೂತು ಆ ಡಬ್ಬಿ ತೆರೆದೆ. ಪೀಬೆರಿಯನ್ನು ಅವರ ಅಂಗೈಯಲ್ಲಿಟ್ಟು, "ರಾಕ್ಷಸನ ಪ್ರಾಣ ಕುದುರೆಯ ಹೊಟ್ಟೆಯಲ್ಲಿತ್ತಲ್ವಾ ಮಾವ?" ಎಂದೆ.

ಮಾವ ಪೀಬೆರಿಯನ್ನು ಅಂಗೈಯಲ್ಲಿ ಉರುಳಿಸಿದರು.

"ಗಿಳೀಲಿ ಕಣೇ. ಐದು ವರ್ಷದವನಿದ್ದಾಗ್ಲಿಂದ ನಂಗದು ಬಾಯಿಪಾಠ. ಅವ್ವನ ಮುಂದೆ ತಪ್ಪು ಹೇಳೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ?"

ಮಾವ ಲವಂಗವನ್ನು ಮೊದಲ ಸಮುದ್ರದ ದಡದಲ್ಲಿ ನಿಲ್ಲಿಸಿ, ಒಂದಾನೊಂದು ಊರಲ್ಲಿ ಎಂದು ಶುರು ಮಾಡಿದರು. ಏಳೂ ಸಮುದ್ರ ದಾಟಿದರು. ಒಂದು ಕಡೆಯೂ ತಪ್ಪಲಿಲ್ಲ.