ನಾಲ್ಕು ಕಾಯಿಲು ಮತ್ತು ಕಬ್ಬಿನ ಟ್ರ್ಯಾಕ್ಟರು

ಸೀರೆ ಆರಿಸಲು ತಡ ಮಾಡುವ ಹೆಂಗಸರ ಬಗ್ಗೆ ನಾನು ಇದುವರೆಗೆ ಆಡಿದ ಮಾತುಗಳನ್ನೆಲ್ಲ ಈ ಮೂಲಕ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಗೋಕಾಕದ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಅರ್ಧ ಕಪಾಟು ಇಳಿಸಿ, ಮಡಿಕೆ ಬಿಚ್ಚಿಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೆ "ಸಂಜೀಕ ಬರ್ತೀವ್ರಿ ಕಾಕಾ" ಎಂದು ಎದ್ದು ಹೋಗುವ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ವಸ್ತು ಆರಿಸಲು ಮನುಷ್ಯರಿಗೆ ಇಷ್ಟು ಹೊತ್ತು ಯಾಕೆ ಬೇಕು ಎಂದು ಗೊಣಗುತ್ತಿದ್ದೆ. ಆಮೇಲೆ ನನ್ನ ಕಾರಿಗೆ ನಾಲ್ಕು ಇಗ್ನಿಷನ್ ಕಾಯಿಲ್ ಆರಿಸುವ ಪ್ರಸಂಗ ಬಂತು.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು. ಕೊಲ್ಲಾಪುರದ ಒಬ್ಬ ರೇಸಿನ ಹುಚ್ಚನಿಂದ ಕೊಂಡದ್ದು. ಅವನಿಗೆ ಹುಚ್ಚು ಬಿಟ್ಟಿತು, ನನಗೆ ಹಿಡಿಯಿತು. ಇದರ ಎಂಜಿನ್ನಿನಲ್ಲಿ ಎಲ್ಲ ಕಾರುಗಳಂತೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಸಮೋಸದ ಆಕಾರದ ಎರಡು ರೋಟರುಗಳು ಗರಗರ ತಿರುಗುತ್ತವೆ. ಒಂದೊಂದಕ್ಕೆ ಎರಡೆರಡು ಸ್ಪಾರ್ಕ್ ಪ್ಲಗ್ಗು. ಬ್ಯಾಟರಿಯ ಸಾದಾ ಕರೆಂಟನ್ನು ಹಿಗ್ಗಿಸಿ ಆ ಪ್ಲಗ್ಗುಗಳಲ್ಲಿ ಕಿಡಿ ಹಾರಿಸುವ ಡಬ್ಬಿಯೇ ಕಾಯಿಲು. ಸಾಲದ್ದಕ್ಕೆ ಟರ್ಬೊ ಬೇರೆ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಅದು ಎಂಜಿನ್ನಿಗೆ ಗಾಳಿ ತುರುಕುತ್ತದೆ. ಆ ಒತ್ತಡಕ್ಕೆ ನನ್ನ ಹಳೆಯ ಕಾಯಿಲಿನ ಕಿಡಿ ಬೆಂಕಿಕಡ್ಡಿಯಂತೆ ಆರಿಹೋಗುತ್ತಿತ್ತು, ಕಾರು ಖೊಕ್ ಖೊಕ್ ಎಂದು ಕೆಮ್ಮುತ್ತಿತ್ತು.

ಒಮ್ಮೆ ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ರಸ್ತೆ ಖಾಲಿ ಕಂಡಿತೆಂದು, ಪಕ್ಕದಲ್ಲಿ ಹೆಂಡತಿ ಶಮೀಮ್ ಕೂತಿದ್ದಾಳೆಂಬ ಹುಮ್ಮಸ್ಸಿನಲ್ಲಿ ಪೂರ್ತಿ ತುಳಿದೆ. ಕಾರು ಕೆಮ್ಮಿ ಕೆಮ್ಮಿ ಏರಿನಲ್ಲಿ ನಿಂತೇಬಿಟ್ಟಿತು. ಜಲಪಾತ ನೋಡಲು ಬಂದವರೆಲ್ಲ ಅದನ್ನು ಬಿಟ್ಟು ನಮ್ಮನ್ನು ನೋಡಿದರು. ನಮ್ಮ ಮನೆಮಾತು ಉರ್ದು. ಆದರೆ ಶಮೀಮ್ ನಿಜವಾಗಿ ಸಿಟ್ಟಿಗೆದ್ದರೆ ಕನ್ನಡಕ್ಕೆ ಬರುತ್ತಾಳೆ. ಅಂದು ಕನ್ನಡದಲ್ಲೇ ಹೇಳಿದಳು: "ನನ್ನ ತಮ್ಮ ಇಮ್ರಾನನ ನಿಕಾಹ ಹುಕ್ಕೇರಿಯಾಗ ಐತಿ. ಅವಗ ಇದರಾಗ ಹೋಗಬೇಕಂತ ಭಾಳ ಆಸೆ. ಕರಕೊಂಡ ಹೋಗ್ರಿ. ಒಮ್ಮಿನೂ ಕೆಮ್ಮಲಾರದ ಹೋತಂದ್ರ ಕಾರ್ ಮನ್ಯಾಗ ಇರ್ಲಿ. ಒಂದ ಸಲ ಕೆಮ್ಮಿತಂದ್ರ, ಮರುದಿನ ಕೊಲ್ಲಾಪುರಕ್ಕ ವಾಪಸ."

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಕಂಪನಿಯ ಅಸಲು ಕಾಯಿಲು ಈಗ ಸಿಗುವುದಿಲ್ಲ. ಬೇರೆಯವರು ಮಾಡಿದ್ದನ್ನೇ ಹಾಕಬೇಕು. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಕಾಯಿಲುಗಳ ಸಂತೆಯೇ ನೆರೆದಿತ್ತು. ಅಸಲಿನ ಅಚ್ಚಿನಂತೇ ಇರುವುದು ಒಂದು, ಅಮೆರಿಕದ ಟ್ರಕ್ಕಿನದು ಇನ್ನೊಂದು, ರೇಸಿಗೆಂದೇ ಮಾಡಿದ ಮಹಾಕಾಯ ಮತ್ತೊಂದು. ರೇಸಿನದರ ಕಿಡಿ ಜೋರಂತೆ, ಆದರೆ ಕಾದು ಬೆಂಕಿಯಾಗುತ್ತದಂತೆ. ಒಬ್ಬ ಪುಣ್ಯಾತ್ಮ ಇದನ್ನು ಹಾಕಿದ ಮೇಲೆ ಬದುಕೇ ಬದಲಾಯಿತು ಎಂದು ಬರೆದರೆ, ಕೆಳಗೆ ಇನ್ನೊಬ್ಬ ಇದೇ ನನ್ನ ಎಂಜಿನ್ ತಿಂದದ್ದು ಎಂದು ಅಳುತ್ತಿದ್ದ. ನಾನು ಇಬ್ಬರನ್ನೂ ನಂಬಿದೆ. ಬೆಳಿಗ್ಗೆ ಆರ್ಡರ್ ಮಾಡಿದ್ದನ್ನು ಮಧ್ಯಾಹ್ನ ರದ್ದು ಮಾಡುತ್ತಿದ್ದೆ. ಅಂಗಡಿಯಲ್ಲಿ ಕುಬಸದ ಬಟ್ಟೆ ಕೇಳಿದವರಿಗೆ ಲುಂಗಿ ತೆಗೆದು ತೋರಿಸಿದೆ. ಊಟಕ್ಕೆ ಕೂತರೆ ರೊಟ್ಟಿ ಕೈಯಲ್ಲೇ ಆರುತ್ತಿತ್ತು. ಇಮ್ರಾನನಿಗೆ ಹುಡುಗಿ ಗೊತ್ತಾದದ್ದು ಒಂದೇ ಭೇಟಿಯಲ್ಲಿ. ನನಗೆ ಕಾಯಿಲು ಗೊತ್ತಾಗಲಿಲ್ಲ.

ಹೀಗಿರುವಾಗ ಮಮದಾಪುರದಿಂದ ಸಾಲಿಯಲ್ಲಿ ನನ್ನ ಜೊತೆ ಓದಿದ ದೋಸ್ತ ಸಿದ್ದಪ್ಪ ಬಂದ. ಕುರಿ ಸಾಕುವವನು, ಟಗರು ಆರಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ತಾನೇ ಹೇಳಿಕೊಂಡು ತಿರುಗುವವನು. ನನ್ನ ಮುಖ ನೋಡಿ ಗಾಬರಿಯಾಗಿ, "ಯಾರರೆ ಹೋದ್ರೇನೋ?" ಎಂದ. ವಿಷಯ ಹೇಳಿ ಫೋನಿನಲ್ಲಿ ಚಿತ್ರ ತೋರಿಸಿದೆ.

"ಟಗರ ತಗೊಳ್ಳಾಕ ಹೋದ್ರ ಬೆನ್ನ ಮ್ಯಾಲ ಕೈ ಇಟ್ಟ ನೋಡ್ತೇವು, ಹಲ್ಲ ನೋಡ್ತೇವು. ಫೋಟೋ ನೋಡಿ ಯಾಂವ ತಗೋತಾನ ಮಾರಾಯ? ಅಲ್ಲಾ, ಇದು ಯಾವ ಗಾಡೀದು?"

"ಅಮೆರಿಕಾದ ಟ್ರಕ್ಕಿಂದು. ಆದ್ರ ಅದರದೂ ಒಂದು ತಕರಾರ ಐತಿ, ಏನಂದ್ರ…"

"ಟ್ರಕ್ಕಿಂದು ಅಂದ್ರ ಗಟ್ಟಿ ಇರ್ತೈತಿ" ಎಂದು ಸಿದ್ದಪ್ಪ ನನ್ನ ಕೈಯಿಂದ ಫೋನ್ ಕಸಿದುಕೊಂಡು, ಆರ್ಡರ್ ಗುಂಡಿ ಒತ್ತಿಯೇಬಿಟ್ಟ. "ಆತು, ಇನ್ ಛಾ ತರಸು." ಇಷ್ಟು ದಿನದ ನನ್ನ ಅಧ್ಯಯನ ಒಂದು ಹೆಬ್ಬೆರಳಿನಲ್ಲಿ ಮುಗಿದುಹೋಯಿತು. ಸಿಟ್ಟು ಬಂತು, ಸಮಾಧಾನವೂ ಆಯಿತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಕಾಯಿಲುಗಳು ಬಂದ ಮೇಲೆ ಮೂಡಲಗಿಯ ಟ್ರ್ಯಾಕ್ಟರ್ ರಿಪೇರಿ ಮೇಸ್ತ್ರಿಯೊಬ್ಬ ಅವನ್ನು ಜೋಡಿಸಿಕೊಟ್ಟ. "ಡೀಸೆಲ್ ಗಾಡಿಗೆ ಕಿಡೀನ ಬ್ಯಾಡ್ರಿ. ನಿಮ್ಮ ಗಾಡೀದು ಕೂಸಿನಂಗ ಭಾಳ ಲಾಡ ಆತು ಬಿಡ್ರಿ" ಎಂದು ನಕ್ಕ. ಪೂರ್ತಿ ತುಳಿದು ಪರೀಕ್ಷೆ ಮಾಡೋಣವೆಂದರೆ ಅಷ್ಟರಲ್ಲಿ ಕಬ್ಬು ಕಡಿಯುವ ಹಂಗಾಮು ಸುರುವಾಗಿತ್ತು. ಯಾವ ರಸ್ತೆಗೆ ಇಳಿದರೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಕಬ್ಬು ಎರಡೂ ಬದಿಗೆ ಜೋತುಬಿದ್ದು, ಹಾಡು ಊರಿಗೆಲ್ಲ ಕೇಳುವಂತೆ. ಪರೀಕ್ಷೆ ಮಾಡದೆಯೇ ನಿಕಾಹದ ದಿನ ಬಂತು.

ಇಮ್ರಾನ್ ಹೂವಿನ ಸೆಹರಾ ಕಟ್ಟಿಕೊಂಡು ನನ್ನ ಪಕ್ಕ ಕೂತ. ಹಿಂದೆ ಹೆಂಗಸರ ಟೆಂಪೊ. ಅದರ ಮುಂದಿನ ಸೀಟಿನಲ್ಲಿ ಕಿವಿ ನಿಮಿರಿಸಿಕೊಂಡು ಶಮೀಮ್. ಗೋಕಾಕ ದಾಟುತ್ತಲೇ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಅದರ ಮುಂದೆ ಇನ್ನೊಂದು. ಮದುವೆ ಗಂಡಿನ ಗಾಡಿ ಕಬ್ಬಿನ ಹಿಂದೆ ತೆವಳುತ್ತಾ ಹೊರಟಿತು. ಘಟಪ್ರಭಾ ಬಿಟ್ಟ ಮೇಲೆ ಒಂದೇ ಒಂದು ಕಡೆ ರಸ್ತೆ ಬರಿದಾಗಿ ಚಾಚಿಕೊಂಡಿತು. ಜೋರಾಗಿ ಹೊಡೆಯಿರಿ ದುಲ್ಹಾಭಾಯಿ ಎಂದು ಇಮ್ರಾನ್ ಭಾವನಾದ ನನ್ನನ್ನು ಹುರಿದುಂಬಿಸಿದ. ಕಾಲು ಕಡಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಟೆಂಪೊದ ಗಾಜಿನ ಹಿಂದೆ ಶಮೀಮಳ ಮುಖ. ಕೆಮ್ಮಿತೋ, ನಾಳೆ ಕೊಲ್ಲಾಪುರ. ಕಾಲು ಒತ್ತಲೇ ಇಲ್ಲ. ತಿರುವಿನಲ್ಲಿ ಮತ್ತೊಂದು ಟ್ರ್ಯಾಕ್ಟರ್ ಕಂಡಾಗ ನಾನು ಅಲ್ಲಾಹನನ್ನು ಮನಸಾರೆ ನೆನೆದೆ.

ಕಾರು ಒಮ್ಮೆಯೂ ಕೆಮ್ಮದೆ ಹುಕ್ಕೇರಿ ಸೇರಿತು. ನಮ್ಮವರು ತಿಂಗಳಾನುಗಟ್ಟಲೆ ಕೂತು ಆರಿಸಿದ ಕಾಯಿಲು ಎಂದು ಶಮೀಮ್ ಬೀಗರಿಗೆಲ್ಲ ಉರ್ದುವಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು. ನಾನು ಬಿರಿಯಾನಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ವೇಗದಲ್ಲಿ ಹಳೆಯ ಕಾಯಿಲೂ ಕೆಮ್ಮುತ್ತಿರಲಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಈಗ ಕಬ್ಬಿನ ಹಂಗಾಮು ಮುಗಿದಿದೆ. ಮೊನ್ನೆ ಇಮ್ರಾನನ ಮಾವನ ಮನೆಗೆಂದು ನಾವಿಬ್ಬರೂ ಹೊರಟೆವು. ಹುಕ್ಕೇರಿಯ ರಸ್ತೆ ಗುಡಿಸಿದಂತೆ ಖಾಲಿ ಬಿದ್ದಿತ್ತು. ಸ್ವಲ್ಪ ಜೋರಾಗಿ ಹೋಗೋಣವೇ ಎಂದಳು ಶಮೀಮ್. ಅವಸರ ಏನಿದೆ ಎಂದೆ. ಹಿಂದಿನಿಂದ ಹಾರ್ನ್ ಕೇಳಿಸಿತು. ಖಾಲಿ ಟ್ರೇಲರಿನ ಟ್ರ್ಯಾಕ್ಟರೊಂದು ದಾರಿ ಕೇಳುತ್ತಿತ್ತು. ಕಾರನ್ನು ಬದಿಗೆ ತೆಗೆದುಕೊಂಡು ಸಂತೋಷದಿಂದ ಸೈಡ್ ಕೊಟ್ಟೆ.

"ಏನ್ರಿ, ಟ್ರ್ಯಾಕ್ಟರ್ ನಮ್ಮನ್ನ ದಾಟಿ ಹೋತಲ್ರಿ!" ಎಂದಳು ಶಮೀಮ್, ಕನ್ನಡದಲ್ಲಿ. "ಆ ಕಾಯಿಲ್ ಹೆಂಗ ಅದಾವಂತ ಯಾವಾಗ ನೋಡಾವ್ರು ನೀವು?"

"ಸಂಜೀಕ ನೋಡೂಣು ತಗೋ" ಎಂದು ಟ್ರ್ಯಾಕ್ಟರಿನ ಹಿಂದೆ ಹೊರಟೆ.